ಮಾಲ್ದಂಡಿ ಜೋಳ, ನಾನು ಮತ್ತು ಎರಡು ಗೆರೆ

ನವಲಗುಂದ ಕಡೆ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬೆಳೆದವರಿಗೆ ಈ ಪಾಡು ಗೊತ್ತು. ಸೆಪ್ಟೆಂಬರ್ ಕೊನೆಗೆ ಬಿತ್ತಿದ ಮೇಲೆ ಮಳೆಯನ್ನು ನಂಬುವ ಹಾಗಿಲ್ಲ. ಮಣ್ಣಲ್ಲಿ ಉಳಿದ ಹಸಿಯ ಮೇಲೇ ತೆನೆ ಕಟ್ಟಬೇಕು. ಕಾಳು ತುಂಬುವ ಹೊತ್ತಿಗೆ ಹಸಿ ಆರಿದರೆ ಎಲೆ ಒಣಗುತ್ತದೆ, ಬುಡ ಟೊಳ್ಳಾಗಿ ಗಿಡ ಮಲಗುತ್ತದೆ. ಕಾಳೂ ಸಣ್ಣದು, ಕಣಿಕೆಯೂ ಹಾಳು.

ಅಂಥ ಬರದಲ್ಲೂ ಎಲೆ ಹಸಿರಾಗಿ ಉಳಿಸಿಕೊಳ್ಳುವ ಜೋಳ ಒಂದಿದೆ. ಬಿ35 ಅಂತ ಹೆಸರು, ಮೂಲ ಇಥಿಯೋಪಿಯಾದ್ದು. ಆ ಗುಣಕ್ಕೆ ಕಾರಣವಾದ ನಾಲ್ಕು ಮುಖ್ಯ ಜಾಗಗಳನ್ನು ಅದರ ವರ್ಣತಂತುಗಳಲ್ಲಿ ಗುರುತಿಸಿ ಎಸ್‌ಟಿಜಿ1ರಿಂದ ಎಸ್‌ಟಿಜಿ4ರವರೆಗೆ ಹೆಸರಿಟ್ಟಿದ್ದಾರೆ. ಧಾರವಾಡದ ಒಂದು ಲ್ಯಾಬಿನಲ್ಲಿದ್ದಾಗ ಅದರಲ್ಲಿ ಒಂದನ್ನು ನಮ್ಮ ಮಾಲ್ದಂಡಿಗೆ, ಅಂದರೆ ಎಂ35-1 ತಳಿಗೆ, ತರುವ ಕೆಲಸ ನನ್ನ ಪಾಲಿಗೆ ಬಂತು. ರೊಟ್ಟಿ ಮಾತ್ರ ಮಾಲ್ದಂಡಿಯದೇ ಇರಬೇಕು. ಇಲ್ಲದಿದ್ದರೆ ಇಲ್ಲಿ ಯಾರೂ ಬಿತ್ತುವುದಿಲ್ಲ.

ಆ ಜಾಗ ಯಾವ ಗಿಡಕ್ಕೆ ಬಂದಿದೆ ಅಂತ ತಿಳಿಯಲು ಡಿಎನ್‌ಎಯಲ್ಲಿ ಒಂದು ಗುರುತು ಬೇಕು, ಅದೇ ಮಾರ್ಕರ್. ಮಾರ್ಕರ್ ಅಂದರೆ ಜೀನೇ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಅದು ಸಾಮಾನ್ಯವಾಗಿ ಜೀನಿನ ನೆರೆಮನೆ. ನಾನು ಬಳಸಿದ್ದು ಎಸ್‌ಎಸ್‌ಆರ್ ಅನ್ನುವ ಬಗೆಯ ಮಾರ್ಕರ್. ಡಿಎನ್‌ಎಯಲ್ಲಿ ಕೆಲವು ಕಡೆ ಸಿಎ ಸಿಎ ಸಿಎ ಅಂತ ಒಂದೇ ತುಣುಕು ಸಾಲಾಗಿ ಬರುತ್ತದೆ. ಎಷ್ಟು ಸಲ ಅನ್ನುವುದು ತಳಿಯಿಂದ ತಳಿಗೆ ಬೇರೆ. ಪಿಸಿಆರ್ ಯಂತ್ರದಲ್ಲಿ ಆ ಭಾಗವನ್ನು ಕೋಟಿಗಟ್ಟಲೆ ನಕಲು ಮಾಡಿ, ಜೆಲ್ ಅನ್ನುವ ಲೋಳೆಯಂಥ ಹಾಸಿನಲ್ಲಿ ವಿದ್ಯುತ್ ಹಾಯಿಸಿ ಓಡಿಸಿದರೆ ಚಿಕ್ಕ ತುಣುಕು ಮುಂದೆ ಹೋಗುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಒಂದೊಂದು ತುಣುಕೂ ಒಂದು ಗೆರೆಯಾಗಿ ಕಾಣುತ್ತದೆ. ಎರಡೂ ತಳಿಯ ಗೆರೆ ಒಂದೇ ಮಟ್ಟದಲ್ಲಿ ಬಂದರೆ ಆ ಮಾರ್ಕರ್ ದಂಡ. ನನ್ನ ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ದಂಡದ ಲೆಕ್ಕದಲ್ಲೇ ಹೋಯಿತು. ಕೊನೆಗೆ ಬೇಕಾದ ಜಾಗದ ಆಚೆಗೊಂದು, ಈಚೆಗೊಂದು ಸಿಕ್ಕವು. ಒಂದೇ ಇದ್ದರೆ ಸಾಲದು. ನಡುವೆ ವರ್ಣತಂತು ಕತ್ತರಿಸಿ ಕೂಡಿಕೊಂಡರೆ ಮಾರ್ಕರ್ ಉಳಿದು ಜೀನ್ ತಪ್ಪಿಹೋಗಬಹುದು.

ನಿಜವಾದ ಪಾಠ ಕಲಿತದ್ದು ಹೊಲದಲ್ಲಿ. ಜೋಳದ ಹೂವಿಗೆ ಮೂರು ಪರಾಗಚೀಲ. ಹೂ ಅರಳುವ ಮುಂಚೆಯೇ ಸೂಜಿ ಮೊನೆಯಿಂದ ಒಂದೊಂದಾಗಿ ತೆಗೆಯಬೇಕು, ಇಲ್ಲದಿದ್ದರೆ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಮಾಲ್ದಂಡಿಯ ತೆನೆಗಳನ್ನು ಹಾಗೆ ಬಿಡಿಸಿ, ಕಾಗದದ ಚೀಲ ಕಟ್ಟಿ, ಎರಡು-ಮೂರು ದಿನ ಬಿಟ್ಟು ಬೆಳಗ್ಗೆ ಬಿ35ರ ಪರಾಗ ಉದುರಿಸಿದೆ. ಬಂದ ಬೀಜದಿಂದ 11 ಗಿಡ ಎದ್ದವು. ಎಳೆ ಎಲೆ ಕಿತ್ತು, ಡಿಎನ್‌ಎ ತೆಗೆದು, ಜೆಲ್ ಓಡಿಸಿದೆ. ನಿಜವಾದ ಮಿಶ್ರ ಗಿಡವಾದರೆ ಅಪ್ಪನದೊಂದು, ಅವ್ವನದೊಂದು, ಎರಡು ಗೆರೆ ಕಾಣಬೇಕು. ಕಂಡದ್ದು 4ರಲ್ಲಿ ಮಾತ್ರ. ಉಳಿದ 7 ಅಪ್ಪಟ ಮಾಲ್ದಂಡಿ! ನನ್ನ ಕೈ ಎಲ್ಲೋ ಪರಾಗಚೀಲ ತೆಗೆಯದೆ ಬಿಟ್ಟಿತ್ತು.

ಹೊಲದ ಕೆಲಸಕ್ಕೆ ಬರುತ್ತಿದ್ದ ಅಕ್ಕ ನಕ್ಕರು. ‘ತಮ್ಮಾ, ಒಂದು ಉಳಿದ್ರೂ ಅದು ತನ್ನ ಕೆಲಸ ಮಾಡೇ ಮಾಡ್ತೈತಿ.’ ಮುಂದಿನ ಸಲ ತೆನೆ ಬಿಡಿಸಲು ಅವರನ್ನೇ ಕೂರಿಸಿದೆ. ಸುಮ್ನೆ ಹೊಗಳುತ್ತಿಲ್ಲ, ಆ ಕೈಗೆ ನನ್ನ ಡಿಗ್ರಿ ಸಾಟಿಯಲ್ಲ.

ಆ 4 ಗಿಡಗಳನ್ನು ಮತ್ತೆ ಮಾಲ್ದಂಡಿಗೇ ಕೂಡಿಸಿದೆ. ಪ್ರತಿ ಸಲ ಸುಮಾರು ಅರ್ಧ ಗಿಡಗಳಲ್ಲಿ ನಮಗೆ ಬೇಕಾದ ತುಣುಕು ಇರುತ್ತದೆ. ಉಳಿದವನ್ನು ಸಸಿಯಲ್ಲೇ ಕಿತ್ತು ಹಾಕಬಹುದು, ಬರ ಬರುವವರೆಗೆ ಕಾಯಬೇಕಿಲ್ಲ. ಮಾರ್ಕರ್‌ನ ದೊಡ್ಡ ಲಾಭ ಇದೇ. ಎರಡು ಸಲ ಕೂಡಿಸಿದ ಮೇಲೆ ಸರಾಸರಿ 87.5% ಮಾಲ್ದಂಡಿ.

ಆ ಪೀಳಿಗೆಯ ಕಾಳನ್ನು ಅಕ್ಕನ ಅಂಗೈಗೆ ಹಾಕಿದೆ. ಬೆಳಕಿಗೆ ಹಿಡಿದು ಹೊಳಪು ನೋಡಿದರು, ಎರಡು ಕಾಳು ಕಡಿದರು. ‘ಚಲೋ ಐತಿ. ಆದ್ರ ಮಾಲ್ದಂಡಿ ಅಲ್ಲ ಇನ್ನೂ.’

ಆ ಹಿಂಗಾರಿಗೆ ಇನ್ನೊಮ್ಮೆ ಕೂಡಿಸಿದೆ.