ಗೊಬ್ಬರದ ಕೋಣೆಯಲ್ಲಿ ಯಾವುದರ ಪಕ್ಕ ಯಾವುದು

ಕೀಟನಾಶಕದ ಬಾಟಲಿ ಕಂಡರೆ ಮನೆಯವರೆಲ್ಲರಿಗೂ ಹೆದರಿಕೆ. ಮಕ್ಕಳ ಕೈಗೆ ಸಿಗದಂತೆ ಮೇಲಿಡುತ್ತೇವೆ, ಬೀಗ ಹಾಕುತ್ತೇವೆ. ಗೊಬ್ಬರದ ಚೀಲಕ್ಕೆ ಮಾತ್ರ ಆ ಮರ್ಯಾದೆ ಇಲ್ಲ. ಜಾಗ ಇದ್ದಲ್ಲಿ ಒಟ್ಟಿಬಿಡುತ್ತೇವೆ: ಒಂದು ಬದಿಗೆ ಡೀಸೆಲ್ ಕ್ಯಾನು, ಇನ್ನೊಂದು ಬದಿಗೆ ಒಣಹುಲ್ಲು, ಮೇಲೆ ಗಂಧಕದ ಪೊಟ್ಟಣ. ಗೊಬ್ಬರಕ್ಕೆಂದೇ ಬೇರೆ ಕೋಣೆ ಕಟ್ಟಿಸಬೇಕೆಂದು ಹೊರಟಾಗ ನಾನು ಅಳತೆಗಿಂತ ಮುಂಚೆ ಹಾಳೆಯ ಮೇಲೆ ಬರೆದುಕೊಂಡದ್ದು, ಯಾವುದರ ಪಕ್ಕ ಯಾವುದು ಇರಬಾರದು ಎಂಬುದನ್ನು. ಕೋಣೆಯ ಆಕಾರ ಆಮೇಲೆ ತಾನಾಗಿ ಬಂತು.

ಹೆಚ್ಚು ತಲೆ ಕೆಡಿಸಿಕೊಂಡದ್ದು ನೈಟ್ರೇಟ್‌ಗಳ ಬಗ್ಗೆ. ಅಮೋನಿಯಂ ನೈಟ್ರೇಟ್, ಡ್ರಿಪ್‌ನಲ್ಲಿ, ಅಂದರೆ ಹನಿ ನೀರಾವರಿಯಲ್ಲಿ, ಬಿಡುವ ಪೊಟ್ಯಾಸಿಯಂ ನೈಟ್ರೇಟ್ ಇವು ತಾವಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಪಕ್ಕದಲ್ಲಿ ಉರಿಯುವ ವಸ್ತುವಿದ್ದರೆ ಅದಕ್ಕೆ ಆಮ್ಲಜನಕ ಒದಗಿಸುತ್ತವೆ. ಡೀಸೆಲ್, ಗ್ರೀಸ್, ಮರದ ಹೊಟ್ಟು, ಹುಲ್ಲು, ಗಂಧಕ ಇವುಗಳಲ್ಲಿ ಯಾವುದು ಬೆರೆತರೂ ಸ್ವಭಾವವೇ ಬದಲಾಗುತ್ತದೆ. ಅಮೋನಿಯಂ ನೈಟ್ರೇಟ್ ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಇನ್ನೂ ಕಾದರೆ ವಿಷಾನಿಲ ಬಿಡುತ್ತ ಒಡೆಯುತ್ತದೆ. ಆ ಹೊತ್ತಿನಲ್ಲಿ ಇಕ್ಕಟ್ಟಾದ ಜಾಗದಲ್ಲಿ ಸಿಕ್ಕಿಕೊಂಡರೆ ಸಿಡಿಯಬಹುದು. 2020ರ ಆಗಸ್ಟ್ 4ರಂದು ಲೆಬನಾನ್‌ನ ಬೈರೂತ್ ಬಂದರಿನಲ್ಲಿ ಸ್ಫೋಟಿಸಿದ್ದು ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್; ಗೋದಾಮಿಗೆ ಮೊದಲು ಬೆಂಕಿ ಬಿದ್ದಿತ್ತು. ನಮ್ಮಲ್ಲಿರುವುದು ಕೆಲವೇ ಚೀಲ, ನಿಜ. ಆದರೆ ಚೀಲ ಕಡಿಮೆ ಎಂದು ಅದರ ಗುಣ ಬದಲಾಗುವುದಿಲ್ಲ.

ಅದಕ್ಕೇ ನೆಲಕ್ಕೆ ಕಾಂಕ್ರೀಟ್ ಹಾಕಿಸಿದೆ, ಒಳಗೆ ಚರಂಡಿಯನ್ನೂ ಗುಂಡಿಯನ್ನೂ ಬಿಡಿಸಲಿಲ್ಲ. ನೀರು ಹೊರಹೋಗಲು ಒಂದು ತೂತಾದರೂ ಬೇಡವೇ ಎಂದು ಗಾರೆಯವರು ಪಟ್ಟು ಹಿಡಿದರು. ಬೆಂಕಿಯಲ್ಲಿ ಕರಗಿದ ನೈಟ್ರೇಟ್ ಹರಿದು ಹೋಗಿ ಆ ತೂತಿನಲ್ಲೇ ಸಿಕ್ಕಿಕೊಳ್ಳುತ್ತದೆ ಎಂದು ವಿವರಿಸಿದ ಮೇಲೆ ಒಪ್ಪಿದರು. ಟ್ರ್ಯಾಕ್ಟರ್ ಒಳಗೆ ಬರುವುದಿಲ್ಲ. ಚೀಲ ಇಳಿಸುವುದು ಬಾಗಿಲ ಹೊರಗೆ. ಡೀಸೆಲ್, ಆಯಿಲ್, ಬ್ಯಾಟರಿ, ವೆಲ್ಡಿಂಗ್ ಸಾಮಾನು ಎಲ್ಲ ದೂರದ ಬೇರೆ ಶೆಡ್ಡಿನಲ್ಲಿ. ದೀಪದ ಶಾಖ ಚೀಲಕ್ಕೆ ತಾಗದಂತೆ ಮುಚ್ಚಿದ ಎಲ್‌ಇಡಿ ಹಾಕಿ, ಸ್ವಿಚ್ಚನ್ನು ಹೊರಗಿನ ಗೋಡೆಗೆ ತಂದೆ.

ಇನ್ನು ಯೂರಿಯಾ. ಅದೊಂದೇ ಇದ್ದರೆ ಸಾಧು. ಆದರೆ ಅಮೋನಿಯಂ ನೈಟ್ರೇಟ್ ಜೊತೆ ಸೇರಿದರೆ ಎರಡೂ ಕೆಡುತ್ತವೆ. 30 ಡಿಗ್ರಿ ಶಾಖದಲ್ಲಿ ಗಾಳಿಯ ಆರ್ದ್ರತೆ ಸುಮಾರು ಶೇ. 73 ದಾಟಿದರೆ ಯೂರಿಯಾ ತೇವ ಹೀರತೊಡಗುತ್ತದೆ, ಅಮೋನಿಯಂ ನೈಟ್ರೇಟ್ ಶೇ. 59 ದಾಟಿದರೆ. ಎರಡೂ ಬೆರೆತರೆ ಆ ಮಿತಿ ಸುಮಾರು ಶೇ. 18ಕ್ಕೆ ಇಳಿಯುತ್ತದೆ. ಅಂದರೆ ಕಡುಬೇಸಿಗೆಯಲ್ಲೂ ಅದು ನೀರೊಡೆಯುತ್ತದೆ. ಎರಡರ ಕಾಳೂ ಬಿಳಿ, ಎರಡೂ ಸಣ್ಣ, ಚೆಲ್ಲಿದ ಮೇಲೆ ಬೇರೆ ಮಾಡಲಾಗುವುದಿಲ್ಲ. ಹೀಗಾಗಿ ನಡುವೆ ಗೋಡೆ ಎಬ್ಬಿಸಿದೆ. ಸಲಿಕೆ, ಪೊರಕೆ, ಬಕೆಟ್ ಕೂಡ ಎರಡು ಕಡೆಗೂ ಬೇರೆ ಬೇರೆ. ಬ್ಲೀಚಿಂಗ್ ಪುಡಿಯನ್ನಂತೂ ಯೂರಿಯಾ ಇರುವ ಕಡೆ ಸುಳಿಯಗೊಡುವುದಿಲ್ಲ. ಎರಡೂ ಒದ್ದೆಯಾಗಿ ಬೆರೆತರೆ ಹುಟ್ಟುವ ನೈಟ್ರೋಜನ್ ಟ್ರೈಕ್ಲೋರೈಡ್ ಸ್ಫೋಟಕ. ಸುಣ್ಣವನ್ನೂ ಅಮೋನಿಯಂ ಗೊಬ್ಬರಗಳಿಂದ ದೂರ ಇಟ್ಟಿದ್ದೇನೆ. ಎರಡೂ ಸೇರಿದರೆ ಮೂಗಿಗೆ ಹೊಡೆಯುವಂತೆ ಅಮೋನಿಯಾ ಎದ್ದು, ಕಾಸು ಕೊಟ್ಟು ತಂದ ಸಾರಜನಕ ಗಾಳಿಪಾಲಾಗುತ್ತದೆ.

ಚೀಲಗಳು ಮರದ ಹಲಗೆಯ ಮೇಲಲ್ಲ, ಪ್ಲಾಸ್ಟಿಕ್ ಪ್ಯಾಲೆಟ್ ಮೇಲೆ. ಗೋಡೆಗೂ ಸಾಲಿಗೂ ನಡುವೆ ಒಬ್ಬರು ಓಡಾಡುವಷ್ಟು ಜಾಗ, ಎತ್ತರ ಎದೆಮಟ್ಟಕ್ಕಿಂತ ಹೆಚ್ಚಿಲ್ಲ. ಹಳೆಯದು ಮುಂದೆ, ಹೊಸದು ಹಿಂದೆ. ಹೆಚ್ಚು ದಿನ ಇಟ್ಟರೆ ಹೆಂಟೆಗಟ್ಟುತ್ತದೆ, ಹೆಂಟೆ ಒಡೆಯಲು ಹೋಗಿಯೇ ಅನಾಹುತಗಳಾಗಿವೆ. 1921ರ ಸೆಪ್ಟೆಂಬರ್ 21ರಂದು ಜರ್ಮನಿಯ ಒಪ್ಪಾವ್‌ನಲ್ಲಿ ಗಟ್ಟಿಯಾದ ಗೊಬ್ಬರದ ರಾಶಿಯನ್ನು ಸಡಿಲಿಸಲು ಡೈನಮೈಟ್ ಬಳಸಿದಾಗ ರಾಶಿಯೇ ಸಿಡಿದು 500ಕ್ಕೂ ಹೆಚ್ಚು ಜನ ಸತ್ತರು. ನನ್ನಲ್ಲಿ ನೈಟ್ರೇಟ್ ಹೆಂಟೆಗೆ ಹಾರೆ ಮುಟ್ಟಿಸುವುದಿಲ್ಲ, ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತೇವೆ. ಚೆಲ್ಲಿದ್ದನ್ನು ಆಗಲೇ ಗುಡಿಸಿ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಹಾಕುತ್ತೇವೆ, ಚೀಲಕ್ಕೆ ವಾಪಸು ಸುರಿಯುವುದಿಲ್ಲ. ಒದ್ದೆ ಎಳೆದುಕೊಳ್ಳಲೆಂದು ಮರದ ಹೊಟ್ಟು ಎರಚುವ ರೂಢಿ ಇದೆಯಲ್ಲ, ನೈಟ್ರೇಟ್ ವಿಷಯದಲ್ಲಿ ಅದು ಬೆಂಕಿಗೆ ಸೌದೆ ಜೋಡಿಸಿದ ಹಾಗೆ.

ಡ್ರಿಪ್ ಪೈಪು ತೊಳೆಯುವ ಆಮ್ಲದ ಕೆಲಸವನ್ನು ನಾನೇ ಮಾಡುತ್ತೇನೆ, ಬೇರೆಯವರ ಕೈಗೆ ಕೊಡುವುದಿಲ್ಲ. ಮೊಣಕೈವರೆಗಿನ ರಬ್ಬರ್ ಗ್ಲೌಸು, ಗಂಬೂಟು, ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ. ಪ್ಯಾಂಟಿನ ಕಾಲು ಬೂಟಿನ ಮೇಲೆ ಬರಬೇಕು, ಒಳಗಲ್ಲ. ಇಲ್ಲದಿದ್ದರೆ ಮೇಲಿಂದ ಸೋರಿದ ಹನಿ ಬೂಟಿನೊಳಗೆ ಇಳಿದು ಅಲ್ಲೇ ನಿಲ್ಲುತ್ತದೆ. ಮೊದಲು ಬಕೆಟ್ಟಿಗೆ ನೀರು, ಆಮೇಲೆ ಅಂಚಿನ ಒಳಮೈಗೆ ತಾಗುವಂತೆ ಸಣ್ಣಧಾರೆಯಲ್ಲಿ ಆಮ್ಲ. ಬಕೆಟ್ಟಿನ ಹೊರಮೈ ಮುಟ್ಟಿದರೆ ಬಿಸಿ ಏರುವುದು ಗೊತ್ತಾಗುತ್ತದೆ, ಏರಿದರೆ ಅಲ್ಲಿಗೇ ನಿಲ್ಲಿಸಿ ಕಾಯುತ್ತೇನೆ. ಆಮ್ಲದ ಮೇಲೆ ನೀರು ಸುರಿದರೆ ಆ ಬಿಸಿಗೆ ಕುದಿದು ಮುಖಕ್ಕೆ ಎಗರುತ್ತದೆ. ಹತ್ತಿರದಲ್ಲೇ ನಲ್ಲಿ ಇರುವ ಕಡೆ ಮಾತ್ರ ಈ ಕೆಲಸ. ಕಣ್ಣಿಗೆ ಸಿಡಿದರೆ ಕಡೇಪಕ್ಷ 15 ನಿಮಿಷ ನೀರು ಬಿಡುತ್ತಲೇ ಇರಬೇಕು, ಆಮೇಲೆ ಡಾಕ್ಟರ ಹತ್ತಿರ.

ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಕೆಲಸಕ್ಕೆ ಬರುವ ಎಲ್ಲರಿಗೂ ಹೇಳಿಟ್ಟಿದ್ದೇನೆ. ನೈಟ್ರೇಟ್ ಬೆಂಕಿಗೆ ಹೊರಗಿನ ಗಾಳಿಯೇ ಬೇಕಿಲ್ಲ, ಆದ್ದರಿಂದ ಮರಳು ಎರಚಿ, ಬಾಗಿಲು ಮುಚ್ಚಿ ಉಸಿರುಗಟ್ಟಿಸಲಾಗದು; ಮುಚ್ಚಿದರೆ ಇನ್ನೂ ಅಪಾಯ. ಆಗಷ್ಟೇ ಹೊತ್ತಿದ್ದರೆ ಧಾರಾಳ ನೀರು. ಗೊಬ್ಬರಕ್ಕೇ ಹಿಡಿದಿದ್ದರೆ ಅಥವಾ ಹಳದಿ-ಕಂದು ಹೊಗೆ ಕಂಡರೆ ಯಾರೂ ಹತ್ತಿರ ಹೋಗಕೂಡದು, ಗಾಳಿ ಬೀಸಿ ಬರುತ್ತಿರುವ ದಿಕ್ಕಿಗೆ ದೂರ ಓಡಿ ಅಗ್ನಿಶಾಮಕದವರಿಗೆ ಫೋನ್ ಮಾಡಬೇಕು. ಆ ಹೊಗೆ ಕುಡಿದವರು ಆಗ ಚೆನ್ನಾಗಿಯೇ ಇರುತ್ತಾರೆ, ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ‘ನನಗೇನೂ ಆಗಿಲ್ಲಣ್ಣ’ ಎಂದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಒಳಗೆ ಏನೇನು ಎಷ್ಟೆಷ್ಟಿದೆ ಎಂಬ ಪಟ್ಟಿ ಮನೆಯಲ್ಲೊಂದು ಇರುತ್ತದೆ, ಕೋಣೆಯಲ್ಲೇ ಇದ್ದರೆ ಅದೂ ಸುಟ್ಟುಹೋಗುತ್ತದೆ.

ಖಾಲಿ ಚೀಲಗಳನ್ನು ತೊಳೆದು ಆ ನೀರನ್ನು ಹೊಲಕ್ಕೇ ಬಿಡುತ್ತೇವೆ, ಬಾವಿಯಿಂದ ದೂರದಲ್ಲಿ. ಯೂರಿಯಾ ಕಲಸಿದ ಬಕೆಟ್ಟಿಗೆ ದನ ಬಾಯಿ ಹಾಕದಂತೆ ಕವುಚಿಡುತ್ತೇವೆ. ಅದು ದನದ ಹೊಟ್ಟೆಯಲ್ಲಿ ಅಮೋನಿಯಾ ಆಗಿ, ಹೆಚ್ಚಾದರೆ ಬೇಗನೆ ಪ್ರಾಣಕ್ಕೆ ಕುತ್ತು. ನೈಟ್ರೇಟ್ ಇದ್ದ ಚೀಲವನ್ನು ಒಲೆಗೆ ಹಾಕುವುದಿಲ್ಲ, ಕಾಳು ತುಂಬಲೂ ಯಾರಿಗೂ ಕೊಡುವುದಿಲ್ಲ. ಕೇಳಿದವರಿಗೆ ಬೇರೆ ಚೀಲ ತಂದು ಕೊಟ್ಟಿದ್ದೇನೆ.