ಬೋಯಿಂಕ್ ಟಾಸ್ಕ್ ಕಳೆದುಹೋಯಿತೇ? ಅರ್ಧಕ್ಕೆ ನಿಂತಿತೇ? ಹೀಗೆ ಮಾಡಿ

ಏಪ್ರಿಲ್, ಮೇ ಬಂತೆಂದರೆ ಕಲಬುರಗಿಯಲ್ಲಿ ಮನೆಯ ಕಂಪ್ಯೂಟರಿಗೂ ಕಷ್ಟ. ಹೊರಗೆ 42–43 ಡಿಗ್ರಿ ಬಿಸಿಲು, ಒಳಗೆ ಯಾವಾಗ ಹೋಗುತ್ತದೋ ತಿಳಿಯದ ಕರೆಂಟ್. ಬಿಡುವಿದ್ದಾಗ ಪಿಸಿಯನ್ನು ವಿಜ್ಞಾನದ ಲೆಕ್ಕಗಳಿಗೆ ಬಿಟ್ಟುಕೊಡುವ ಕಾಲೇಜು ಹುಡುಗರು ಆಗ ಕೇಳುವ ಪ್ರಶ್ನೆ: ‘ಟಾಸ್ಕ್ ಅರ್ಧಕ್ಕೇ ನಿಂತದ್ರಿ ಸರ್, ಈಗ ಏನ್ ಮಾಡ್ಲಿ?’

ಮೊದಲು, ಇದು ಯಾಕೆ ಮುಖ್ಯ ಅಂತ ನೋಡೋಣ. ಬೋಯಿಂಕ್ ಎನ್ನುವುದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ವಿಜ್ಞಾನ ಯೋಜನೆಗಳ ಲೆಕ್ಕವನ್ನು ನಮ್ಮ ಕಂಪ್ಯೂಟರಿನಲ್ಲಿ ಓಡಿಸುವ ಉಚಿತ ತಂತ್ರಾಂಶ. ಯೋಜನೆಯ ಸರ್ವರ್ ದೊಡ್ಡ ಲೆಕ್ಕವನ್ನು ತುಂಡು ಮಾಡಿ, ಪ್ರತಿ ತುಂಡಿಗೂ (ಇದೇ ‘ಟಾಸ್ಕ್’) ಗಡುವು ಕೊಟ್ಟು ನಮ್ಮ ಕಂಪ್ಯೂಟರಿಗೆ ಕಳಿಸುತ್ತದೆ. ಹಲವು ಯೋಜನೆಗಳಲ್ಲಿ ಒಂದೇ ತುಂಡು ಇಬ್ಬರಿಗೆ ಹೋಗುತ್ತದೆ. ಎರಡೂ ಉತ್ತರ ತಾಳೆಯಾದರೆ ಮಾತ್ರ ಅದು ಸರಿ. 2010ರಲ್ಲಿ ಐನ್‌ಸ್ಟೈನ್ ಅಟ್ ಹೋಮ್ ಯೋಜನೆ ಹೊಸ ಪಲ್ಸಾರ್ ನಕ್ಷತ್ರವೊಂದನ್ನು ಪತ್ತೆ ಮಾಡಿದ್ದು ಹೀಗೆಯೇ. ಅಮೆರಿಕದ ಅಯೋವಾದ ದಂಪತಿಯ ಕಂಪ್ಯೂಟರ್ ಒಂದು, ಜರ್ಮನಿಯ ಒಬ್ಬರ ಕಂಪ್ಯೂಟರ್ ಇನ್ನೊಂದು. ಅಂದರೆ ನೀವು ಸುಮ್ಮನಾದರೆ ನಿಮ್ಮ ಜೋಡಿಯ ಕೆಲಸವೂ ಗಡುವು ಮುಗಿಯುವವರೆಗೆ ಅಲ್ಲೇ ಕಾಯುತ್ತದೆ.

ಕರೆಂಟ್ ಹೋಗಿ ಬಂದಿದ್ದರೆ ಏನೂ ಮಾಡಬೇಡಿ. ಹೆಚ್ಚಿನ ಟಾಸ್ಕ್‌ಗಳು ಆಗಾಗ ‘ಚೆಕ್‌ಪಾಯಿಂಟ್’, ಅಂದರೆ ಲೆಕ್ಕ ಎಲ್ಲಿಯವರೆಗೆ ಆಗಿದೆ ಎಂಬ ಗುರುತು, ಬರೆದಿಡುತ್ತವೆ, ಅಲ್ಲಿಂದಲೇ ಮುಂದುವರಿಯುತ್ತವೆ. ಬೋಯಿಂಕ್‌ನ ‘ವ್ಯೂ’ ಮೆನುವಿನಲ್ಲಿ ‘ಅಡ್ವಾನ್ಸ್ಡ್ ವ್ಯೂ’ ಆರಿಸಿ, ‘ಟಾಸ್ಕ್ಸ್’ ತೆರೆದು, ಟಾಸ್ಕ್ ಮೇಲೆ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ನೋಡಿ. ಕೊನೆಯ ಚೆಕ್‌ಪಾಯಿಂಟ್ ಆದ ಮೇಲೆ ಎಷ್ಟು ಹೊತ್ತು ಲೆಕ್ಕ ನಡೆದಿದೆ ಎಂಬುದು ಅಲ್ಲಿರುತ್ತದೆ. ಈಗ ಕಂಪ್ಯೂಟರ್ ಆಫ್ ಮಾಡಿದರೆ ಕಳೆದುಕೊಳ್ಳುವುದು ಅಷ್ಟನ್ನೇ. ಅದು ಒಂದೆರಡು ನಿಮಿಷವಿದ್ದರೆ ಚಿಂತೆಯಿಲ್ಲ. ಗಂಟೆಗಟ್ಟಲೆ ಇದ್ದರೆ ಸ್ವಲ್ಪ ತಾಳಿ.

ಗಾಬರಿಯಲ್ಲಿ ‘ರೀಸೆಟ್ ಪ್ರಾಜೆಕ್ಟ್’ ಮಾತ್ರ ಒತ್ತಬೇಡಿ. ಕೈಯಲ್ಲಿರುವ ಟಾಸ್ಕ್‌ಗಳೆಲ್ಲ ಅಳಿಸಿಹೋಗುತ್ತವೆ.

‘ರೆಡಿ ಟು ರಿಪೋರ್ಟ್’ ಎಂದು ಕಂಡರೆ ಕೆಲಸ ಮುಗಿದಿದೆ, ಫೈಲೂ ಹೋಗಿದೆ, ಸರ್ವರಿಗೆ ಸುದ್ದಿ ಮುಟ್ಟಿಲ್ಲ ಅಷ್ಟೇ. ‘ಪ್ರಾಜೆಕ್ಟ್ಸ್’ಗೆ ಹೋಗಿ ‘ಅಪ್‌ಡೇಟ್’ ಒತ್ತಿದರೆ ಆಯಿತು.

ನಿಜವಾದ ತಲೆನೋವು ಕಳೆದುಹೋದ ಟಾಸ್ಕ್‌ಗಳದ್ದು. ಯೋಜನೆಯ ವೆಬ್‌ಸೈಟಿನ ನಿಮ್ಮ ಖಾತೆಯಲ್ಲಿ ‘ಇನ್ ಪ್ರೋಗ್ರೆಸ್’ ಅಂತ ಇರುತ್ತದೆ, ನಿಮ್ಮ ಕಂಪ್ಯೂಟರಿನಲ್ಲಿ ಪಟ್ಟಿಯೇ ಖಾಲಿ. ಡಿಸ್ಕ್ ಕೆಟ್ಟಾಗ, ರೀಸೆಟ್ ಆದಾಗ, ಸರ್ವರಿನ ಉತ್ತರ ಬರುವಷ್ಟರಲ್ಲಿ ನೆಟ್ ಹೋದಾಗ ಹೀಗಾಗುತ್ತದೆ. ಆಗಲೂ ‘ಅಪ್‌ಡೇಟ್’ ಒತ್ತಿ ನೋಡಿ. ನಿಮ್ಮ ಕಂಪ್ಯೂಟರ್ ತನ್ನ ಬಳಿ ಇರುವ ಟಾಸ್ಕ್‌ಗಳ ಪಟ್ಟಿ ಕಳಿಸುತ್ತದೆ, ಸರ್ವರ್ ಅದನ್ನು ತನ್ನ ಪಟ್ಟಿಗೆ ಹೋಲಿಸುತ್ತದೆ. ಯೋಜನೆಯವರು ಆ ಸೌಲಭ್ಯ ಇಟ್ಟಿದ್ದರೆ ಕಳೆದದ್ದನ್ನು ಮತ್ತೆ ಕಳಿಸುತ್ತದೆ. ಕಂಟ್ರೋಲ್, ಶಿಫ್ಟ್, ಇ ಒಟ್ಟಿಗೆ ಒತ್ತಿ ‘ಈವೆಂಟ್ ಲಾಗ್’ ತೆರೆದರೆ ‘ರೀಸೆಂಟ್ ಲಾಸ್ಟ್ ಟಾಸ್ಕ್’ (Resent lost task) ಎಂಬ ಸಾಲು ಕಾಣಬೇಕು. ಅಂದರೆ ‘ಕಳೆದದ್ದನ್ನು ಮತ್ತೆ ಕಳಿಸಿದೆ’ ಎಂದರ್ಥ. ಲೆಕ್ಕ ಮಾತ್ರ ಮೊದಲಿನಿಂದ ಶುರು. ಸೌಲಭ್ಯ ಇಲ್ಲದ ಕಡೆ ಗಡುವು ಮುಗಿಯುವವರೆಗೆ ಕಾಯುವುದೇ ಗತಿ.

ವಿಂಡೋಸ್ ಹೊಸದಾಗಿ ಹಾಕಿದರೆ ಸರ್ವರ್ ನಿಮ್ಮನ್ನು ಬೇರೆ ಕಂಪ್ಯೂಟರ್ ಅಂದುಕೊಳ್ಳುವ ಸಂಭವ ಜಾಸ್ತಿ. ಆಗ ಹಳೆಯ ಟಾಸ್ಕ್‌ಗಳು ಸರ್ವರ್ ಆ ಕಂಪ್ಯೂಟರಿಗೆ ಕೊಟ್ಟಿದ್ದ ಹಳೆಯ ನಂಬರಿನ ಮೇಲೆಯೇ ಉಳಿಯುತ್ತವೆ. ಅದಕ್ಕೇ ಫಾರ್ಮ್ಯಾಟ್ ಮಾಡುವ ಮೊದಲು ‘ನೋ ನ್ಯೂ ಟಾಸ್ಕ್ಸ್’ ಒತ್ತಿ, ಇರುವುದನ್ನು ಮುಗಿಸಿ. ಅಷ್ಟು ಸಮಯವಿಲ್ಲವೇ? ಬೋಯಿಂಕ್ ಪೂರ್ತಿ ಮುಚ್ಚಿ, ಸಿ ಡ್ರೈವಿನ ‘ಪ್ರೋಗ್ರಾಂಡೇಟಾ’ದೊಳಗಿನ ‘ಬೋಯಿಂಕ್’ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಆಮೇಲೆ ಅದೇ ಜಾಗಕ್ಕೆ ತನ್ನಿ. ಆ ಒಂದೇ ಫೋಲ್ಡರನ್ನು ಎರಡು ಕಂಪ್ಯೂಟರಿನಲ್ಲಿ ಓಡಿಸಬೇಡಿ.

ಗಡುವಿನೊಳಗೆ ಆಗುವುದಿಲ್ಲ ಅನ್ನಿಸಿದರೆ ‘ಅಬಾರ್ಟ್’ ಮಾಡಿ, ಅಂದರೆ ಟಾಸ್ಕ್ ಕೈಬಿಡಿ. ಹಲವರಿಗೆ ಇದಕ್ಕೆ ಮನಸ್ಸು ಬರುವುದಿಲ್ಲ, ತಪ್ಪು ಮಾಡಿದಂತೆ ಅನ್ನಿಸುತ್ತದೆ. ನನ್ನ ಪ್ರಕಾರ ಇದೇ ಸರಿಯಾದ ದಾರಿ. ಆಗಲ್ಲ ಅಂತ ಬೇಗ ಹೇಳಿದರೆ ಸರ್ವರ್ ಗಡುವಿಗೆ ಕಾಯದೆ ಅದನ್ನು ಬೇರೆಯವರಿಗೆ ಕೊಡುತ್ತದೆ. ಇನ್ನೇನು ಮುಗಿಯುತ್ತದೆ ಅನ್ನುವಾಗ ಗಡುವು ದಾಟಿದ್ದರೆ ಮಾತ್ರ ಅಬಾರ್ಟ್ ಮಾಡದೆ ತಾಳಿ. ಬೇರೆಯವರ ಉತ್ತರ ಬರುವ ಮೊದಲು ನಿಮ್ಮದು ತಲುಪಿದರೆ ಸ್ವೀಕರಿಸುವುದುಂಟು.

ಕೈತುಂಬ ಕೆಲಸ ತುಂಬಿಕೊಳ್ಳುವುದನ್ನೂ ಬಿಡಿ. ‘ಕಂಪ್ಯೂಟಿಂಗ್ ಪ್ರಿಫರೆನ್ಸಸ್’ನಲ್ಲಿ ಎಷ್ಟು ದಿನದ ಕೆಲಸ ಇಟ್ಟುಕೊಳ್ಳಬೇಕು ಎಂಬುದಿರುತ್ತದೆ. ಅದನ್ನು ಒಂದು ದಿನದೊಳಗೇ ಇಡಿ. ಬೇಸಿಗೆಯಲ್ಲಿ ಸಿಪಿಯು ಬಳಕೆಯನ್ನು ಅಲ್ಲೇ ಅರ್ಧಕ್ಕೆ ಇಳಿಸಿ, ಕಂಪ್ಯೂಟರ್ ಬಿಸಿಯಾಗುವುದು ಕಡಿಮೆಯಾಗುತ್ತದೆ.

ಹಾಸ್ಟೆಲ್‌ನಲ್ಲಿ ಇರುವವರು ರಜೆಗೆ ಬೀದರ್‌ಗೋ ಯಾದಗಿರಿಗೋ ಹೊರಡುವ ಮುಂಚೆ ‘ನೋ ನ್ಯೂ ಟಾಸ್ಕ್ಸ್’ ಒತ್ತಿ, ‘ರೆಡಿ ಟು ಸ್ಟಾರ್ಟ್’ ಅಂತ ಇರುವುದನ್ನೆಲ್ಲ ಅಬಾರ್ಟ್ ಮಾಡಿ. ಆಮೇಲೆ ‘ಅಪ್‌ಡೇಟ್’. ಅದು ಸರ್ವರಿಗೆ ತಲುಪಿತು ಅಂತ ಲಾಗ್‌ನಲ್ಲಿ ನೋಡಿಕೊಂಡೇ ವೈಫೈ ಆಫ್ ಮಾಡಿ.