ಟಿಡಿಎಸ್ ಮೀಟರ್‌ನಲ್ಲೇ ಫ್ಲೋರೈಡ್ ಲೆಕ್ಕ: ನನ್ನ ಅನುಭವ

"ಟಿಡಿಎಸ್ ಮೀಟರ್ ಹಿಡ್ಕೊಂಡು ಫ್ಲೋರೈಡ್ ಹೇಳ್ತೀಯಾ? ಏನು, ಗಿಳಿಶಾಸ್ತ್ರನಾ?" ಅಂತ ನಕ್ಕವರೇ ಈಗ ಫೋನ್ ಮಾಡಿ ಲೆಕ್ಕ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ ಒಟ್ಟು ಉಪ್ಪು; ಮೀಟರ್ ತೋರಿಸುವುದು ಅದನ್ನಷ್ಟೇ, ಫ್ಲೋರೈಡನ್ನು ಬೇರೆಯಾಗಿ ಅಲ್ಲ.

ಪಾವಗಡ ಕಡೆ, ನೀರನ್ನು ಮೆಂಬ್ರೇನ್ ಎಂಬ ಪೊರೆಯಲ್ಲಿ ಸೋಸುವ ಕೆಲವು ಆರ್‌ಓ ಘಟಕ ನೋಡಿಕೊಳ್ಳುತ್ತೇನೆ. ಬೋರ್ ನೀರಿನ ಫ್ಲೋರೈಡ್ 3 ಪಿಪಿಎಂ ಆಸುಪಾಸು, ಟಿಡಿಎಸ್ 1400. ಲ್ಯಾಬ್‌ಗೆ ಕೊಟ್ಟರೆ ಸ್ಯಾಂಪಲ್‌ಗೆ ಐನೂರರ ಹತ್ತಿರ ಖರ್ಚು, ರಿಪೋರ್ಟ್ ಬರುವಷ್ಟರಲ್ಲಿ ಊರವರು ಆ ನೀರು ಕುಡಿದು ಮುಗಿಸಿರುತ್ತಾರೆ.

ಹೊಸ ಮೆಂಬ್ರೇನ್ ಹಾಕಿದಾಗ ಔಟ್‌ಲೆಟ್ ಟಿಡಿಎಸ್ 50, ಫ್ಲೋರೈಡ್ 0.15. ಅಂದರೆ ಮೆಂಬ್ರೇನ್ ದಾಟಿ ಬರುವ ಉಪ್ಪು ಶೇ 3.6 ಆದರೆ ಫ್ಲೋರೈಡ್ ಶೇ 5. ಅನುಪಾತ 1.4. ಟಿಡಿಎಸ್ ನೋಡಿ ದಾಟಿದ ಉಪ್ಪಿನ ಶೇಕಡಾ ತೆಗೆದು, ಇದರಿಂದ ಗುಣಿಸಿದರೆ ದಾಟಿದ ಫ್ಲೋರೈಡಿನ ಶೇಕಡಾ. ಇಷ್ಟೇ ನನ್ನ ಬಂಡವಾಳ. ನಿಮ್ಮ ಬೋರ್‌ಗೆ ಬೇರೆ ಬರುತ್ತದೆ, ನನ್ನದನ್ನು ನಕಲು ಮಾಡಬೇಡಿ.

ಜನವರಿಯಲ್ಲಿ ಚೆನ್ನಾಗಿ ಕೂತ ಲೆಕ್ಕ ಏಪ್ರಿಲ್‌ನಲ್ಲಿ ಕೆಟ್ಟಿತು. ಸಿಂಟೆಕ್ಸ್‌ನ ನೀರು 35 ಡಿಗ್ರಿ ಮುಟ್ಟಿತ್ತು. ಬಿಸಿ ಏರಿದಂತೆ ಉಪ್ಪೂ ಜಾಸ್ತಿ ನುಸುಳುತ್ತದೆ. ಸುಮ್ನೆ ಮೆಂಬ್ರೇನ್ ಹೋಯ್ತು ಅಂತ ಕಾಣುತ್ತದೆ, ಅಷ್ಟೇ. ಈಗ ಎಲ್ಲವನ್ನೂ ಲೆಕ್ಕದಲ್ಲಿ 25 ಡಿಗ್ರಿಗೆ ಇಳಿಸಿಯೇ ನೋಡುತ್ತೇನೆ. ಆ ತಿದ್ದುಪಡಿ ಅಂಕಿ ಮಾತ್ರ ಕೇಳಬೇಡಿ, ಅದು ನನ್ನ ಅನ್ನ.

ಇನ್ನೊಂದು ಕಡೆ ಟಿಡಿಎಸ್ ಸರಿ, ಫ್ಲೋರೈಡ್ ಮಾತ್ರ ಜಾಸ್ತಿ. ವಿಚಾರಿಸಿದರೆ ಆಂಟಿಸ್ಕೇಲೆಂಟ್ (ಮೆಂಬ್ರೇನ್ ಮೇಲೆ ಉಪ್ಪು ಗಟ್ಟಿ ಕಟ್ಟದಂತೆ ಹಾಕುವ ರಾಸಾಯನಿಕ) ದುಡ್ಡು ಉಳಿಸಲು ಆಸಿಡ್ ಬಿಡುತ್ತಿದ್ದರು. ಪಿಎಚ್ ಐದರ ಹತ್ತಿರ ಬಂದರೆ ಫ್ಲೋರೈಡ್ ಸುಲಭವಾಗಿ ದಾಟುತ್ತದೆ. ಡೋಸಿಂಗ್ ನಿಲ್ಲಿಸಿದ ಮೇಲೆ ಹಳೆಯ ಅನುಪಾತವೇ ಬಂತು.

ನಿಜವಾದ ಲಾಭ ಆಗಿದ್ದು ಓ-ರಿಂಗ್ (ಜೋಡಣೆಯಲ್ಲಿ ನೀರು ಸೋರದಂತೆ ಹಾಕುವ ರಬ್ಬರ್ ಬಳೆ) ವಿಷಯದಲ್ಲಿ. ಒಂದು ಘಟಕದಲ್ಲಿ ಟಿಡಿಎಸ್ 50ರಿಂದ 120ಕ್ಕೆ ಹಾರಿತು. ಸರ್ವಿಸ್‌ನವರು ಆರೂ ಮೆಂಬ್ರೇನ್ ಬದಲಿಸಿ ಅಂದರು. ಎಪ್ಪತ್ತು ಸಾವಿರದ ಬಾಬ್ತು! ನನ್ನ ಲೆಕ್ಕದಲ್ಲಿ ಫ್ಲೋರೈಡ್ 0.36 ಬರಬೇಕಿತ್ತು. ಲ್ಯಾಬ್‌ನಲ್ಲಿ ಬಂದದ್ದು 0.3. ಅನುಪಾತ ಇಳಿದಿದೆ ಅಂದರೆ ಹಸಿ ಬೋರ್ ನೀರು ಮೆಂಬ್ರೇನ್ ತಪ್ಪಿಸಿ ನೇರವಾಗಿ ಸೇರುತ್ತಿದೆ, ಅಲ್ವಾ? ಸೋರಿಕೆಯಲ್ಲಿ ಉಪ್ಪು, ಫ್ಲೋರೈಡ್ ಎರಡೂ ಸಮನಾಗಿ ಬರುತ್ತವೆ. ಶುದ್ಧ ನೀರು ಹೊರಬರುವ ಪ್ರಾಡಕ್ಟ್ ಪೈಪಿನೊಳಗೆ ಸಣ್ಣ ಪ್ಲಾಸ್ಟಿಕ್ ಟ್ಯೂಬ್ ತೂರಿಸಿ, ಅಡಿಗೊಂದು ಸಲ ಟಿಡಿಎಸ್ ಹಿಡಿದೆ. ಎರಡನೇ ಜೋಡಣೆಯ ಹತ್ತಿರ ಮೀಟರ್ ಅಂಕಿ ಜಿಗಿಯಿತು. ಹರಿದ ಓ-ರಿಂಗ್. ಬೆಲೆ ನಲವತ್ತು ರೂಪಾಯಿ ಇದ್ದೀತು.

ಮಿಕ್ಸಿಂಗ್ ವಾಲ್ವ್‌ಗೂ ಇದೇ ಲೆಕ್ಕ. ನೀರು ಸಪ್ಪೆ ಅಂತ ಗೊಣಗುವವರಿಗಾಗಿ ಶೇ 15 ಬೋರ್ ನೀರು ಬೆರೆಸುತ್ತೇನೆ. ಫ್ಲೋರೈಡ್ 0.6ರ ಹತ್ತಿರ, ಟಿಡಿಎಸ್ 250. ಫ್ಲೋರೈಡ್ ಮಿತಿ 1, ಹಾಗಾಗಿ ಧೈರ್ಯ ಇದೆ. ಬೇಸಿಗೆಯಲ್ಲಿ ಸ್ವಲ್ಪ ತಿರುಗಿಸಿ ಕಡಿಮೆ ಮಾಡುತ್ತೇನೆ. ಮೂರು ತಿಂಗಳಿಗೊಮ್ಮೆ ಲ್ಯಾಬ್‌ಗೂ ಕೊಡುತ್ತೇನೆ, ಅದನ್ನು ಬಿಟ್ಟಿಲ್ಲ.

ರಾಯಚೂರಿನ ಹಟ್ಟಿ ಕಡೆಯ ಆರ್ಸೆನಿಕ್ ನೀರಿನ ಮೇಲೂ ಕೈಯಾಡಿಸಿದೆ. ಅನುಪಾತ ದಿನಕ್ಕೊಂದು. ನೀರಿನಲ್ಲಿ ಆರ್ಸೆನಿಕ್ ಮೂರರ, ಐದರ ಅಂತ ಎರಡು ರಾಸಾಯನಿಕ ರೂಪದಲ್ಲಿರುತ್ತದೆ. ಮೂರರ ರೂಪದ ಆರ್ಸೆನಿಕ್‌ಗೆ ವಿದ್ಯುತ್ ಆವೇಶವೇ ಇಲ್ಲ, ಮೆಂಬ್ರೇನ್ ಅದನ್ನು ಸರಿಯಾಗಿ ತಡೆಯುವುದಿಲ್ಲ, ಟಿಡಿಎಸ್ ಮೀಟರ್‌ಗೂ ಕಾಣುವುದಿಲ್ಲ. ಮೊದಲು ಕ್ಲೋರಿನ್ ಕೊಟ್ಟು ಐದರ ರೂಪಕ್ಕೆ ತಿರುಗಿಸಿ, ಬೈಸಲ್ಫೈಟ್‌ನಿಂದ ಕ್ಲೋರಿನ್ ಕೊಂದು ಆಮೇಲೆ ಬಿಟ್ಟರೆ ಪರವಾಗಿಲ್ಲ. ಬೈಸಲ್ಫೈಟ್ ತಪ್ಪಿದರೆ ಮೆಂಬ್ರೇನ್‌ಗೇ ತಿಥಿ.

ಈಗ ಕೋಲಾರದಲ್ಲಿ ನೈಟ್ರೇಟ್ ಹಿಡಿದಿದ್ದೇನೆ. ಅದು ಫ್ಲೋರೈಡ್‌ಗಿಂತ ಜಾಸ್ತಿ ನುಸುಳುತ್ತಿದೆ. ಅಲ್ಲಿ ಮಿಕ್ಸಿಂಗ್ ವಾಲ್ವ್ ಇನ್ನೂ ತೆರೆದಿಲ್ಲ.